ನೆರಳಿನ ಜಾಗ ಮತ್ತು ಒಂದು ಬಟ್ಟಲು ಗಂಜಿ

ಇದನ್ನು ಬರೆಯಬೇಕೆಂದು ಕೂತು, ಕನ್ನಡಕ ಒರೆಸಿ, ಪೆನ್ನು ಸರಿಯಿಲ್ಲವೆಂದು ಎದ್ದುಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಏಳು ವರ್ಷದಿಂದ ಮುಂದೂಡುತ್ತಲೇ ಬಂದಿದ್ದೇನೆ. ಮಾಡಿದ್ದು ದೊಡ್ಡ ಅಪರಾಧವೇನಲ್ಲ. ಒಂದು ಸೂಪರ್‌ಮಾರ್ಕೆಟ್ಟಿನ ಎದುರು, ಸಣ್ಣ ಮಕ್ಕಳಿರುವವರಿಗೆಂದು ಬಿಟ್ಟಿದ್ದ ಜಾಗದಲ್ಲಿ ಕಾರು ನಿಲ್ಲಿಸಿದೆ. ಆ ಜಾಗ ಉಳಿಸಿಕೊಳ್ಳಲು ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಮೂವರಿಗೆ ತೊಂದರೆಯಾಯಿತು. ಇಬ್ಬರ ಹತ್ತಿರ ಕ್ಷಮೆ ಕೇಳಿದ್ದಾಗಿದೆ. ಒಬ್ಬರ ಹತ್ತಿರ ಇಂದಿಗೂ ಕೇಳಿಲ್ಲ.

ನಾನು ಹತ್ತನೇ ತರಗತಿ ಪಾಸಾಗಿ, ಊರಿನಲ್ಲಿ ಸ್ವಲ್ಪ ಕಾಲ ಬಾಡಿಗೆ ಕಾರು ಓಡಿಸಿ, ಆಮೇಲೆ ಬಹರೈನಿಗೆ ಬಂದವನು. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಚೇರಿಯಲ್ಲಿ ಸಾಹೇಬರ ಡ್ರೈವರ್ ಆಗಿ ನನ್ನ ದುಡಿಯುವ ವಯಸ್ಸೆಲ್ಲ ಕಳೆಯಿತು. ಈ ಸೆಖೆಯ ದೇಶದಲ್ಲಿ ಡ್ರೈವರುಗಳ ಮರ್ಯಾದೆ ಇರುವುದು ವೇಗದಲ್ಲಲ್ಲ. ಯಾರ ಕಾರು ಬಾಗಿಲಿಗೆ ಹತ್ತಿರ ನಿಂತಿದೆ, ಯಾರ ಕಾರು ನೆರಳಿನಲ್ಲಿದೆ, ಅದರಲ್ಲಿ. ಯಾವ ಕಟ್ಟಡದ ನೆರಳು ಎಷ್ಟು ಗಂಟೆಗೆ ಎಲ್ಲಿ ಬೀಳುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ನನ್ನ ಸಾಹೇಬರು ಇಷ್ಟು ವರ್ಷದಲ್ಲಿ ಕಾದ ಸೀಟಿನ ಮೇಲೆ ಒಂದು ದಿನವೂ ಕುಳಿತವರಲ್ಲ. ಉಳಿದ ಡ್ರೈವರುಗಳು ನನ್ನನ್ನು ‘ನೆರಳಣ್ಣ’ ಎಂದು ಕರೆಯುತ್ತಿದ್ದರು. ನಾನು ಬೈಗುಳವೆಂದು ತಿಳಿದದ್ದೇ ಇಲ್ಲ, ಬಿರುದೆಂದೇ ಹಿಗ್ಗುತ್ತಿದ್ದೆ.

ನಿವೃತ್ತನಾಗಿ ಊರಿಗೆ ಹೋದೆ. ಹೆಂಡತಿ ತೀರಿಕೊಂಡ ಮೇಲೆ ಮಗಳು ಮತ್ತೆ ಇಲ್ಲಿಗೇ ಕರೆಸಿಕೊಂಡಳು. ಅವಳು ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಜುಫೈರ್ ಬಡಾವಣೆಯ ಹೋಟೆಲೊಂದರ ಅಡುಗೆಮನೆಯಲ್ಲಿ. ಇಲ್ಲಿ ಎಲ್ಲರಿಗೂ ರಜೆಯಿರುವ ಶುಕ್ರವಾರ ಅವರಿಬ್ಬರಿಗೂ ಡ್ಯೂಟಿ. ಹಾಗಾಗಿ ಶುಕ್ರವಾರ ಬೆಳಿಗ್ಗೆ ವಾರದ ಸಾಮಾನು ತರುವುದು ನನ್ನ ಮತ್ತು ನನ್ನ ಮೊಮ್ಮಗಳ ಕೆಲಸ. ಆಗ ಅವಳಿಗೆ ಆರು ವರ್ಷ. ಸಾಮಾನು ಮುಗಿದ ಮೇಲೆ ಅವಳಿಗೊಂದು ಐಸ್‌ಕ್ರೀಮ್. ಅದು ನಮ್ಮಿಬ್ಬರ ಕರಾರು.

ಆ ಸೂಪರ್‌ಮಾರ್ಕೆಟ್ಟಿನ ಬಾಗಿಲ ಪಕ್ಕದಲ್ಲಿಯೇ, ಚಪ್ಪರದ ಕೆಳಗೆ, ನಾಲ್ಕು ಕಾರಿಗೆ ಜಾಗ. ನೆಲದ ಮೇಲೆ ಮಗುವಿನ ತಳ್ಳುಗಾಡಿಯ ಚಿತ್ರ. ಇಡೀ ಮೈದಾನದಲ್ಲಿ ನೆರಳಿದ್ದದ್ದು ಅಲ್ಲಿ ಮಾತ್ರ. ಶುಕ್ರವಾರ ಅಲ್ಲಿ ನಡೆಯುತ್ತಿದ್ದ ಜಗಳ ನೋಡುವುದಕ್ಕೇ ಹೋಗಬೇಕು. ‘ಸಣ್ಣ ಮಗು’ ಎಂದರೆ ಎಷ್ಟು ಸಣ್ಣದು ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ. ಮೀಸೆ ಚಿಗುರಿದ ಮಗನನ್ನು ಮುಂದೆ ನಿಲ್ಲಿಸಿ ಇವನೇ ನನ್ನ ಮಗು ಎಂದು ವಾದಿಸಿದ ಒಬ್ಬ ಅಪ್ಪನನ್ನು ನೋಡಿದ್ದೇನೆ. ಮಗು ಮನೆಯಲ್ಲಿ ನಿದ್ದೆ ಮಾಡುತ್ತಿದೆ, ಅದರ ಡೈಪರ್ ತರಲೆಂದೇ ಬಂದಿದ್ದೇನೆ ಎಂದವರೂ ಇದ್ದರು. ಕೂದಲು ನರೆತ ಒಬ್ಬರು ಹಿಂದಿನ ಸೀಟಿನಲ್ಲಿದ್ದ ತಮ್ಮ ತಾಯಿಯನ್ನು ತೋರಿಸಿ, ತಾಯಿ ಅಲ್ಲಿದ್ದಾರೆ, ಮಗು ನಾನೇ ಎಂದದ್ದಕ್ಕೆ ಸುತ್ತ ನಿಂತವರೆಲ್ಲ ನಕ್ಕು ಜಾಗ ಬಿಟ್ಟುಕೊಟ್ಟರು. ಇದನ್ನೆಲ್ಲ ಸಂಭಾಳಿಸಲು ಅಲ್ಲೊಬ್ಬ ನೇಪಾಳಿ ಕಾವಲುಗಾರನಿದ್ದ. ತಾಳ್ಮೆಯ ಮನುಷ್ಯ.

ನನ್ನ ಹತ್ತಿರವೂ ಒಂದು ಉಪಾಯವಿತ್ತು. ಮೊಮ್ಮಗಳ ಹಳೆಯ ಬೇಬಿ ಸೀಟು ಕಾರಿನಲ್ಲಿಯೇ ಉಳಿದಿತ್ತು. ಸೂಪರ್‌ಮಾರ್ಕೆಟ್ ಹತ್ತಿರವಾಗುತ್ತಿದ್ದಂತೆ ಅವಳು ಅದರೊಳಗೆ ಮೊಣಕಾಲು ಮಡಚಿ ತೂರಿಕೊಂಡು, ಶಾಲು ಹೊದ್ದು, ಕಣ್ಣು ಮುಚ್ಚುತ್ತಿದ್ದಳು. ನಾವು ಅದಕ್ಕೆ ‘ಪಾಪು ಆಟ’ ಎಂದು ಹೆಸರಿಟ್ಟಿದ್ದೆವು. ಕಾವಲುಗಾರ ಗಾಜಿನಲ್ಲಿ ಇಣುಕಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಅವನು ಅತ್ತ ತಿರುಗಿದ ಮೇಲೆ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಒಮ್ಮೆ ಮಾತ್ರ ಅವನು ಶಾಲಿನಿಂದ ಹೊರಗೆ ಚಾಚಿದ್ದ ಕಾಲು ನೋಡಿ, “ಚಾಚಾ, ನಿಮ್ಮ ಪಾಪುವಿನ ಶೂ ಎಷ್ಟನೇ ನಂಬರು?” ಎಂದು ಹಿಂದಿಯಲ್ಲಿ ಕೇಳಿದ್ದ.

ಜೂನ್ ತಿಂಗಳ ಒಂದು ಶುಕ್ರವಾರ. ನಾಲ್ಕು ಜಾಗವೂ ತುಂಬಿತ್ತು. ಒಂದು ಕಾರು ಹಿಂದಕ್ಕೆ ಹೊರಟಿತು. ಇನ್ನೊಂದು ಬದಿಯಲ್ಲಿ ಕಪ್ಪು ಬುರ್ಖಾ ತೊಟ್ಟ ಒಬ್ಬ ಹೆಂಗಸು ಇಂಡಿಕೇಟರ್ ಹಾಕಿಕೊಂಡು ಕಾಯುತ್ತಿದ್ದಳು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಅವಳು ಗೇರು ಬದಲಿಸುವುದರೊಳಗೆ ನಾನು ಕಾರನ್ನು ಒಳಗೆ ತೂರಿಸಿದ್ದೆ. ಅವಳು ಇಳಿದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು, ಮೊದಲು ಕಾವಲುಗಾರನನ್ನೇ ಇಂಗ್ಲಿಷಿನಲ್ಲಿ ತರಾಟೆಗೆ ತೆಗೆದುಕೊಂಡಳು. ಪಾಪ, ಅವನು ಈ ಕಾರಿನಲ್ಲಿ ಮಗು ಇದೆ, ನಾನೇ ಎಷ್ಟೋ ಸಲ ನೋಡಿದ್ದೇನೆ ಎಂದು ನನ್ನ ಪರ ಸಾಕ್ಷಿ ಹೇಳಿದ.

ನಾನು ಗಾಜು ಇಳಿಸಿದೆ. ಬುರ್ಖಾ ನೋಡಿ ಈ ದೇಶದವಳೇ ಎಂದುಕೊಂಡು, ಅವಳಿಗೆ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ, ಇವಳಿಗೆಷ್ಟು ಕೊಬ್ಬು ನೋಡು ಎಂದು ತುಳುವಿನಲ್ಲಿ ಗೊಣಗಿದೆ.

ಉತ್ತರವೂ ತುಳುವಿನಲ್ಲೇ ಬಂತು. “ಕೊಬ್ಬಲ್ಲ ಅಜ್ಜ, ಇದು ಮೂರು ತಿಂಗಳ ಬಾಣಂತಿಯ ಹೊಟ್ಟೆ. ನಿಮ್ಮ ಪಾಪು ಎಲ್ಲಿ ಉಂಟು, ತೋರಿಸಿ ನೋಡುವ.”

ಮಂಗಳೂರು ಕಡೆಯ ಬ್ಯಾರಿ ಮುಸ್ಲಿಂ ಹುಡುಗಿ ಅವಳು. ನನ್ನ ಮಗಳಿಗಿಂತ ಚಿಕ್ಕವಳು. ನನ್ನ ಮುಖದ ನೀರು ಇಳಿದುಹೋಯಿತು. ಅಷ್ಟರಲ್ಲಿ ಸದ್ದು ಕೇಳಿ ಮೊಮ್ಮಗಳು ಶಾಲು ಸರಿಸಿ ಎದ್ದು ಕೂತಿದ್ದಳು, ತಲೆ ಸೀಟಿನಿಂದ ಒಂದು ಗೇಣು ಮೇಲೆ. ಕಾವಲುಗಾರ ಅವಳನ್ನೂ ನನ್ನನ್ನೂ ನೋಡಿ ತಲೆ ತಗ್ಗಿಸಿದ. ಆಗ ನನ್ನ ಬಾಯಿಂದ ಆ ಸುಳ್ಳು ಬಂತು. ಮಗುವಿಗೆ ಹೊಟ್ಟೆ ಸರಿಯಿಲ್ಲ, ಬೆಳಗಿನಿಂದ ವಾಂತಿ, ಮದ್ದಿಗೆಂದು ಓಡಿಬಂದೆ ಎಂದೆ.

ಕನ್ನಡಿಯಲ್ಲಿ ಮೊಮ್ಮಗಳ ಕಣ್ಣು ಕಂಡಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಆ ಹುಡುಗಿಯ ಸಿಟ್ಟು ಆ ಕ್ಷಣವೇ ಇಳಿಯಿತು. ಮೊದಲೇ ಹೇಳಬಾರದಾ ಅಜ್ಜ ಎಂದು ನನ್ನನ್ನೇ ಸಮಾಧಾನ ಮಾಡಿದಳು. ಕಾರನ್ನು ದೂರದ ಬಿಸಿಲಿನಲ್ಲಿ ನಿಲ್ಲಿಸಿ, ಕೂಸಿನ ತಲೆಗೆ ತನ್ನ ತಲೆವಸ್ತ್ರದ ತುದಿ ಮುಚ್ಚಿಕೊಂಡು ನಡೆದು ಬಂದಳು. ತನ್ನ ಸಾಮಾನು ತೆಗೆದುಕೊಳ್ಳುವುದು ಬಿಟ್ಟು, ಒಳಗಿನ ಔಷಧಿ ಅಂಗಡಿಯಿಂದ ಉಪ್ಪು ಸಕ್ಕರೆಯ ಪುಡಿ ತಂದು, ನೀರಿಗೆ ಕಲಸಿ, ಪಕ್ಕದಲ್ಲಿ ಕೂತು ಮೊಮ್ಮಗಳಿಗೆ ಕುಡಿಸಿದಳು. ಐಸ್‌ಕ್ರೀಮಿಗೆಂದು ಬಂದಿದ್ದ ಮಗು ಆ ಉಪ್ಪುನೀರನ್ನು ಮುಖ ಕಿವುಚಿಕೊಂಡು ಕೊನೆಯ ಗುಟುಕಿನವರೆಗೂ ಕುಡಿಯಿತು.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುಂದಿನ ಶುಕ್ರವಾರ ಮೊಮ್ಮಗಳು ಐಸ್‌ಕ್ರೀಮಿನ ಪೆಟ್ಟಿಗೆಯೊಳಗೆ ಕೈ ಹಾಕಿದಾಗಲೇ ಅದೇ ಹುಡುಗಿ ಓಡಿಬಂದಳು. “ಎಂತ ಅಜ್ಜ ನೀವು, ಈ ಹೊಟ್ಟೆಗೆ ಐಸ್‌ಕ್ರೀಮಾ?” ನಾನು ತಬ್ಬಿಬ್ಬಾಗಿ ಸುಳ್ಳಿಗೆ ಇನ್ನೊಂದು ಅಂತಸ್ತು ಕಟ್ಟಿದೆ. ಇವಳದು ಹುಟ್ಟಿನಿಂದಲೇ ಸೂಕ್ಷ್ಮ, ಐಸು, ಖಾರ, ಎಣ್ಣೆ ಯಾವುದೂ ಆಗುವುದಿಲ್ಲ, ಹಟ ಮಾಡುತ್ತಾಳೆ ಎಂದೆ. ಪೆಟ್ಟಿಗೆಯೊಳಗಿದ್ದ ಪುಟ್ಟ ಕೈ ಖಾಲಿಯಾಗಿ ಹೊರಗೆ ಬಂತು.

ಮುಂದಿನದೆಲ್ಲ ಸಂತೋಷದ ಕಾಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆ ಹುಡುಗಿಯ ಗಂಡ ನಮ್ಮ ಬೀದಿಯ ಹಿಂದೆಯೇ ಸಣ್ಣ ಕೋಲ್ಡ್ ಸ್ಟೋರ್ ನಡೆಸುತ್ತಿದ್ದ, ಅಂದರೆ ಹಾಲು ಬ್ರೆಡ್ಡಿನ ಅಂಗಡಿ. ಅದರ ಮೇಲೆಯೇ ಮನೆ. ಪ್ರತಿ ಶುಕ್ರವಾರ ಅವನು ಮಸೀದಿಯಿಂದ ಬಂದ ಮೇಲೆ ನಮಗಿಬ್ಬರಿಗೂ ಅಲ್ಲೇ ಊಟವೆಂದಾಯಿತು. ಊರಿನ ಮೀನಿನ ರುಚಿ, ಬಸ್ಸಿನ ಕಂಡಕ್ಟರುಗಳ ಜೋರು, ನಮ್ಮ ಕಡೆಯ ಮಳೆ, ಇಲ್ಲಿಯ ಬಿಸಿಲು, ಎಲ್ಲವೂ ಮಾತಿಗೆ ಬರುತ್ತಿತ್ತು. ಹೆಂಡತಿ ಹೋದ ಮೇಲೆ ನಾನು ಅಷ್ಟು ನಕ್ಕದ್ದು ಆ ಮನೆಯಲ್ಲಿಯೇ. ಕೂಸು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

ನನ್ನ ತಟ್ಟೆಗೆ ಬಿರಿಯಾನಿ ಬೀಳುತ್ತಿತ್ತು. ತುಪ್ಪದನ್ನ, ಕೋಳಿ ಸಾರು, ತೆಂಗಿನಹಾಲಿನಲ್ಲಿ ಅದ್ದಿದ ಅಕ್ಕಿರೊಟ್ಟಿ ಬೀಳುತ್ತಿತ್ತು. ಮೊಮ್ಮಗಳ ಮುಂದೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಬರುತ್ತಿತ್ತು. ಅವಳಿಗೆಂದೇ ಬೇರೆ ಪಾತ್ರೆಯಲ್ಲಿ, ಮೆತ್ತಗೆ, ಉಪ್ಪು ಕಡಿಮೆ ಹಾಕಿ, ಆರಿಸಿ ಕೊಟ್ಟ ಗಂಜಿ. ಅದರಲ್ಲಿ ಎಷ್ಟು ಪ್ರೀತಿಯಿತ್ತೋ ಅಷ್ಟೇ ನನ್ನ ಸುಳ್ಳೂ ಇತ್ತು. ಮೊಮ್ಮಗಳು ನನ್ನ ತಟ್ಟೆಯನ್ನೊಮ್ಮೆ ನೋಡುತ್ತಿದ್ದಳು, ಚಮಚ ಎತ್ತುತ್ತಿದ್ದಳು. ನಾಳೆ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಎಂದು ನಾನು ಬಿರಿಯಾನಿ ತಿನ್ನುತ್ತಲೇ ಇದ್ದೆ. ಹೇಳಿದರೆ ಆ ಮನೆಯ ಬಾಗಿಲು ಮುಚ್ಚಿಬಿಡುತ್ತದೆಂಬ ಹೆದರಿಕೆ. ಹೇಳದಿದ್ದರೆ ಆ ಬಟ್ಟಲು ನಿಲ್ಲುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಒಂದು ದಿನ ಅವಳು ಕೇಳಿದಳು, “ಅಜ್ಜ, ಈ ಆಟ ಯಾವಾಗ ಮುಗಿಯುವುದು?” ನಾನು ಸಿಗ್ನಲ್ ಹಸಿರಾಯಿತೆಂದು ಕಾರು ಮುಂದೆ ಬಿಟ್ಟೆ.

ಜನವರಿಯಲ್ಲಿ ಅವಳಿಗೆ ಏಳು ತುಂಬಿತು. ಮನೆಯಲ್ಲಿ ಚಿಕ್ಕ ಪಾರ್ಟಿ. ಅಳಿಯ ರಜೆ ಹಾಕಿ ಖಾರ ಮಸಾಲೆಯ ಕೋಳಿ ಸುಕ್ಕ ಮಾಡಿದ್ದ, ಮಗಳು ಕೇಕು ತರಿಸಿದ್ದಳು. ಮೊಮ್ಮಗಳು ನನಗೆ ತಿಳಿಸದೆ ಆ ಹುಡುಗಿಯನ್ನೂ ಕರೆದಿದ್ದಳು. ಬಾಗಿಲು ತೆರೆದಾಗ ಅವಳು ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸ್ಟೀಲಿನ ಟಿಫಿನ್ ಹಿಡಿದು ನಿಂತಿದ್ದಳು. ಆ ಹೊತ್ತಿಗೆ ಮೊಮ್ಮಗಳ ಒಂದು ಕೈಯಲ್ಲಿ ಸುಕ್ಕದ ಕಾಲು, ಮೂತಿಗೆಲ್ಲ ಕೇಕಿನ ಕ್ರೀಮು.

ಮಗಳು ಟಿಫಿನ್ ತೆರೆದು ನೋಡಿ, ಗಂಜಿ ಯಾರಿಗೆ ಎಂದು ಕೇಳಿದಳು. ಆ ಹುಡುಗಿ ಮೊಮ್ಮಗಳನ್ನು ನೋಡಿದಳು, ಆಮೇಲೆ ನನ್ನನ್ನು.

“ನನಗೆ,” ಎಂದಳು ಮೊಮ್ಮಗಳು. “ನನಗೆ ಆಂಟಿಯ ಗಂಜಿ ಅಂದ್ರೆ ಇಷ್ಟ.” ಸುಕ್ಕದ ತುಂಡನ್ನು ತಟ್ಟೆಯಲ್ಲಿಟ್ಟು, ಕೈ ತೊಳೆದು ಬಂದು, ತನ್ನ ಹುಟ್ಟಿದ ಹಬ್ಬದ ದಿನ, ಅಷ್ಟು ಮಕ್ಕಳ ನಡುವೆ ಕೂತು ಗಂಜಿ ಉಣ್ಣತೊಡಗಿದಳು.

ಮೂರನೇ ಚಮಚಕ್ಕೆ ನನ್ನಿಂದ ತಡೆಯಲಾಗಲಿಲ್ಲ. ಆ ಹುಡುಗಿಯನ್ನು ಅಡುಗೆಮನೆಗೆ ಕರೆದು, ಮಗಳು ಅಳಿಯನ ಎದುರಿಗೇ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕ್ಷಮಿಸು ತಂಗಿ ಎಂದು ಕೈ ಮುಗಿದೆ. ಅಳಿಯ ನಗು ತಡೆಯಲಾರದೆ ಫ್ರಿಜ್ಜಿನ ಕಡೆ ತಿರುಗಿ ನಿಂತ. ಮಗಳು ನಗಲಿಲ್ಲ.

“ಪಾರ್ಕಿಂಗ್ ಹಾಳಾಗಿ ಹೋಗಲಿ ಅಜ್ಜ,” ಎಂದಳು ಆ ಹುಡುಗಿ. “ಏಳು ತಿಂಗಳು ಆ ಮಗುವಿಗೆ ಗಂಜಿ ಬಡಿಸಿದ್ದು ನನ್ನ ಕೈ. ನೀವು ಎದುರಿಗೇ ಕೂತು ಬಿರಿಯಾನಿ ತಿಂದ್ರಲ್ಲ. ಹೇಗೆ ಇಳೀತು ಮಾರಾಯ್ರೆ ನಿಮ್ಮ ಗಂಟಲಿಗೆ?”

ಶಿಕ್ಷೆಯನ್ನು ಅವಳೇ ನಿಂತಲ್ಲೇ ವಿಧಿಸಿದಳು. ಇನ್ನು ಏಳು ತಿಂಗಳು ಶುಕ್ರವಾರದ ಗಂಜಿ ನನಗೆ.

ಬಾಗಿಲು ಮುಚ್ಚುತ್ತದೆಂದು ಹೆದರಿದ್ದೆನಲ್ಲ, ಅದು ಇನ್ನೂ ಅಗಲವಾಗಿ ತೆರೆಯಿತು. ಮಗಳು ಅಳಿಯ ಕೂಡ ರಜೆ ಸಿಕ್ಕಿದಾಗಲೆಲ್ಲ ಬರತೊಡಗಿದರು. ನಾನು ಬಟ್ಟಲು ಹಿಡಿದು ಕೂರುವುದು, ಮೊಮ್ಮಗಳು ಎದುರಿಗೆ ಬಿರಿಯಾನಿಯ ಗುಡ್ಡ ಮಾಡಿ, ಕೋಳಿಯ ತುಂಡನ್ನು ನನ್ನ ಮೂಗಿನ ಹತ್ತಿರ ಒಂದು ಸುತ್ತು ತಿರುಗಿಸಿ ತನ್ನ ಬಾಯಿಗೆ ಹಾಕಿಕೊಳ್ಳುವುದು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು. ಆ ಹುಡುಗಿ ಒಂದು ವಾರವೂ ರಿಯಾಯಿತಿ ಕೊಡಲಿಲ್ಲ. ಈದ್ ದಿನವೂ ನನಗೆ ಗಂಜಿಯೇ, ಮೇಲೆ ಒಂದು ಉಪ್ಪಿನಕಾಯಿ ಹೋಳು, ಹಬ್ಬವೆಂದು.

ಕಾವಲುಗಾರನ ಹತ್ತಿರವೂ ಹೋಗಿ ತಪ್ಪೊಪ್ಪಿಕೊಂಡೆ. ನನ್ನ ಪರ ಸಾಕ್ಷಿ ಹೇಳಿ ಅವನ ಮಾತು ಸುಳ್ಳಾಗಿತ್ತಲ್ಲ. ಅವನು ನನ್ನ ಜೊತೆ ಚಹಾ ಕುಡಿದು, ಶೂ ನೋಡಿದ ದಿನವೇ ಗೊತ್ತಾಗಿತ್ತು ಚಾಚಾ, ಆದರೆ ನೀವಿಬ್ಬರೂ ಅಷ್ಟು ನಗುತ್ತಿದ್ದಿರಿ, ಹೇಗೆ ಕೇಳಲಿ ಎಂದ.

ಈಗ ಆ ಜಾಗ ಖಾಲಿಯಿದ್ದರೂ ನಾನು ದೂರದ ಬಿಸಿಲಿನಲ್ಲಿಯೇ ಕಾರು ನಿಲ್ಲಿಸುತ್ತೇನೆ. ಕಳೆದ ಶುಕ್ರವಾರವೂ ಹಾಗೆಯೇ. ಮೊಮ್ಮಗಳು ಪಕ್ಕದ ಸೀಟಿನಲ್ಲಿದ್ದಳು. ಹದಿನಾಲ್ಕು ವರ್ಷ, ನನಗಿಂತ ಎತ್ತರ. ಹಿಂದಿನ ಸೀಟಿನಲ್ಲಿ ಆ ಕೂಸು, ಈಗ ಎರಡನೇ ತರಗತಿಯ ಪೋರ. ಚಪ್ಪರದ ಕೆಳಗಿನ ಖಾಲಿ ಜಾಗವನ್ನು ದಾಟುವಾಗ ಅವಳು ಮೆಲ್ಲಗೆ ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ಅಜ್ಜ, ಬೇಕಾದ್ರೆ ಹೇಳಿ. ನನಗೆ ನೋವು ಬರ್ತದೆ.”

ನಾನು ಎಷ್ಟು ನಕ್ಕೆನೆಂದರೆ ಕಾರು ನಿಲ್ಲಿಸಬೇಕಾಯಿತು. ಕೇಳಬೇಕಾದ ಮಾತನ್ನು ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಕಣ್ಣೊರೆಸಿಕೊಂಡು ನಾನು ಹೇಳಿದ್ದು, ಈರುಳ್ಳಿ ಮರೆಯಬೇಡ ಎಂದು. ನಮ್ಮಲ್ಲಿ ಹಿರಿಯರು ಮಕ್ಕಳ ಹತ್ತಿರ ತಪ್ಪಾಯಿತು ಎನ್ನುವುದಿಲ್ಲ. ತಲೆ ಸವರುತ್ತೇವೆ, ತಿಂಡಿ ಕೊಡಿಸುತ್ತೇವೆ, ಅಷ್ಟರಲ್ಲಿ ಎಲ್ಲ ಸರಿಯಾಯಿತೆಂದು ತಿಳಿಯುತ್ತೇವೆ. ನನ್ನ ಅಪ್ಪನೂ ನನ್ನ ಹತ್ತಿರ ಯಾವತ್ತೂ ಕೇಳಲಿಲ್ಲ. ಏಳು ವರ್ಷದಲ್ಲಿ ನಾನು ಅವಳಿಗೆ ಕೊಡಿಸಿದ ಐಸ್‌ಕ್ರೀಮ್ ಒಂದು ಅಂಗಡಿಯಷ್ಟಾಗಬಹುದು. ಆ ಒಂದು ಮಾತನ್ನು ಮಾತ್ರ ಕೊಟ್ಟಿಲ್ಲ.

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳು ಓದಲಾರದ ಅಕ್ಷರದಲ್ಲಿ ಇದನ್ನು ಬರೆದು ಮುಗಿಸುವುದೆಂದರೆ ಮತ್ತೆ ನೆರಳು ನೋಡಿ ಗಾಡಿ ನಿಲ್ಲಿಸಿದ ಹಾಗೆ. ಅದಕ್ಕೇ ಈ ಶುಕ್ರವಾರ, ಊಟಕ್ಕೆ ಕೂರುವ ಮೊದಲು, ಎಲ್ಲರ ಎದುರಿಗೆ ಇದನ್ನು ನಾನೇ ಗಟ್ಟಿಯಾಗಿ ಓದಿ, ತುಳುವಿನಲ್ಲಿ ಅರ್ಥ ಹೇಳುವುದೆಂದು ನಿಶ್ಚಯಿಸಿದ್ದೇನೆ. ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಅವಳ ಹತ್ತಿರ, ನನ್ನ ಮೊಮ್ಮಗಳ ಹತ್ತಿರ.