ಪಠ್ಯಪುಸ್ತಕ ಕಿತ್ತುಕೊಂಡ ಮೇಡಂ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಬೇಲೂರಿನ ಮನೆಯ ಬಾಗಿಲಿಗೆ ಸಿಕ್ಕಿ ಹೋದದ್ದಂತೆ, ಮತ್ತೆ ಬೆಳೆಯಲೇ ಇಲ್ಲ. ಆ ಬೋಳು ಬೆರಳನ್ನು ನಾವು ಬರೆದ ಸಾಲಿನ ಕೆಳಗೆ ಒತ್ತಿ, "ಇದನ್ನ ಯಾರು ಹೇಳಿದ್ದು?" ಎಂದು ಕೇಳುತ್ತಿದ್ದರು. "ಪುಸ್ತಕದಲ್ಲಿದೆ ಮೇಡಂ" ಎಂದರೆ ಕೆಟ್ಟೆವು. "ಪುಸ್ತಕಕ್ಕೆ ಯಾರು ಹೇಳಿದ್ದು?" ಎನ್ನುವರು. ಗಂಟೆ ಹೊಡೆಯುವವರೆಗೂ ನಿಂತೇ ಇರಬೇಕಿತ್ತು.

ಅವರನ್ನು ನಾನು ಇಷ್ಟಪಟ್ಟವಳಲ್ಲ. ಈಗಲೂ ಇಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಕೈ ತಾನಾಗಿ ಮೆತ್ತಗಾಗುತ್ತದೆ, ಅದಕ್ಕೇ ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಎರಡು ಸಾವಿರದ ಮೂರು-ನಾಲ್ಕರ ಕಾಲ. ನಾನು ಅರಸೀಕೆರೆಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಬಿ.ಎಡ್. ಮಾಡಿ ಟೀಚರಾಗಬೇಕು ಎನ್ನುವುದು ಮನೆಯಲ್ಲಿ ಆಗಲೇ ತೀರ್ಮಾನವಾಗಿಹೋಗಿದ್ದ ವಿಷಯ. ರಾಜ್ಯಶಾಸ್ತ್ರದಲ್ಲಿ ನಮಗೆ ಪಶ್ಚಿಮ ಏಷ್ಯಾ ಅಧ್ಯಯನ ಎಂಬ ಪತ್ರಿಕೆಯಿತ್ತು. ಅದಕ್ಕೆ ಇದ್ದದ್ದು ಒಂದೇ ಪಠ್ಯಪುಸ್ತಕ. ಬರೆದವರು ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಯಲ್ಲಿದ್ದರು. ಪಾಠದ ಕೊನೆಯ ಪ್ರಶ್ನೆಗಳೇ ಪರೀಕ್ಷೆಗೂ ಬರುತ್ತಿದ್ದವು. ಬಾಯಿಪಾಠ ಮಾಡಿದರೆ ಪಾಸು. ಇಷ್ಟು ಸಲೀಸಾದ ವ್ಯವಸ್ಥೆಯನ್ನು ಕೆಡಿಸಲು ಮೇಡಂ ಟೊಂಕ ಕಟ್ಟಿ ನಿಂತರು.

ಭಾನುವಾರ ಅವರು ರೈಲ್ವೆ ಸ್ಟೇಷನ್ ರಸ್ತೆಯ ಬ್ರೌಸಿಂಗ್ ಸೆಂಟರಿನಲ್ಲಿ ಕೂರುತ್ತಿದ್ದರು. ಎಲ್ಲಿಯದೋ ಕಾಲೇಜಿನ ಅಧ್ಯಾಪಕರು ಯಾರು ಬೇಕಾದರೂ ಓದಲಿ ಎಂದು ಇಂಟರ್‌ನೆಟ್ಟಿನಲ್ಲಿ ಹಾಕಿದ ಉಪನ್ಯಾಸ, ಪ್ರಬಂಧ, ಹಳೆಯ ಪ್ರವಾಸಕಥನಗಳನ್ನು ಹುಡುಕಿ ಪ್ರಿಂಟ್ ತೆಗೆಸುತ್ತಿದ್ದರು. ವಾರವಿಡೀ ಕೂತು ಅವನ್ನು ಕೈಯಲ್ಲೇ ಕನ್ನಡಕ್ಕೆ ಬರೆದು, ದಾರ ಪೋಣಿಸಿ, ಲೈಬ್ರರಿಯ ಮೊಳೆಗೆ ನೇತುಹಾಕುತ್ತಿದ್ದರು. ಮೇಲಿನ ಹಾಳೆಯಲ್ಲಿ, "ಓದಿ, ಬರೆದುಕೊಳ್ಳಿ, ಇನ್ನೊಬ್ಬರಿಗೆ ಕೊಡಿ" ಎಂದಿರುತ್ತಿತ್ತು. ಜೆರಾಕ್ಸ್ ಮಾಡಿಸುವಂತಿಲ್ಲ. "ಕೈಯಲ್ಲಿ ಬರೀರಿ, ತಲೆಗೆ ಹೋಗುತ್ತೆ." ನಾವು ಇಪ್ಪತ್ತೆಂಟು ಜನ, ಕಟ್ಟು ಒಂದು. ಅದಕ್ಕಾಗಿ ಜಡೆ ಹಿಡಿದು ಜಗಳವಾಡಿದ್ದೂ ಉಂಟು. ಪುಕ್ಕಟೆ ಓದು ಎಂದು ಅವರು ಹೇಳುತ್ತಿದ್ದರು. ಅದು ನಮ್ಮ ಎಷ್ಟು ಸಂಜೆಗಳನ್ನು ತಿಂದಿತೆಂದು ಅವರಿಗೆ ಗೊತ್ತಿರಲಿಲ್ಲ.

ಒಂದು ದಿನ ಅರೇಹಳ್ಳಿ ಕಡೆಯ ಗೆಳತಿಯೊಬ್ಬಳನ್ನು ನಿಲ್ಲಿಸಿ, "ನಿಮ್ಮ ತೋಟದ ಕಾಫಿ ಮೊದಲು ಎಲ್ಲಿಂದ ಬಂತು?" ಎಂದು ಕೇಳಿದರು.

"ಚಿಕ್ಕಮಗಳೂರಿಂದ ಮೇಡಂ. ನಮ್ಮಜ್ಜ ತಂದಿದ್ದು."

ನಾವೆಲ್ಲ ನಕ್ಕೆವು. ಮೇಡಂ ನಗಲಿಲ್ಲ. ಕಟ್ಟಿನಿಂದ ಒಂದು ಹಾಳೆ ತೆಗೆದು, ಯೆಮನ್ ದೇಶದ ಬಂದರಿನಲ್ಲಿ ಕಾಫಿ ಮೂಟೆಗಳನ್ನು ಹಡಗಿಗೆ ಏರಿಸುವುದನ್ನು ಕಂಡ ಹಳೆಯ ಯಾತ್ರಿಕನೊಬ್ಬನ ಬರಹ ಓದಿದರು. ಆ ಒಂದು ಗಂಟೆ ನಾನು ಗಡಿಯಾರ ನೋಡಲಿಲ್ಲ. ಓದಿ ಮುಗಿಸಿದವರೇ ನನ್ನ ಡೆಸ್ಕಿನ ಮೇಲಿದ್ದ ಪಠ್ಯಪುಸ್ತಕ ಎತ್ತಿಕೊಂಡು ಒಂದು ಸಾಲು ತೋರಿಸಿದರು. 'ಉತ್ತರ ಯೆಮನ್ ಮತ್ತು ದಕ್ಷಿಣ ಯೆಮನ್ ಎಂಬ ಎರಡು ರಾಷ್ಟ್ರಗಳಿವೆ.'

"ನೀವೆಲ್ಲ ಒಂದನೇ ಕ್ಲಾಸಲ್ಲಿದ್ದಾಗಲೇ ಇವೆರಡೂ ಸೇರಿ ಒಂದಾಗಿವೆ. ಹೊಸ ಮುದ್ರಣ ಅಂತ ಮತ್ತೆ ಮತ್ತೆ ಅಚ್ಚು ಹಾಕಿಸ್ತಾರೆ, ಒಂದು ಸಾಲು ತಿದ್ದಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಪರೀಕ್ಷೆ ಮುಗಿಯೋವರೆಗೂ ಇದು ನನ್ನ ಹತ್ರ ಇರುತ್ತೆ" ಎಂದು ಪುಸ್ತಕವನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಉಳಿದವರ ಪುಸ್ತಕಗಳು ಮನೆಯಲ್ಲಿ ಕ್ಷೇಮವಾಗಿದ್ದವು. ನನ್ನದು ಮಾತ್ರ ಸಿಕ್ಕಿಬಿತ್ತು.

ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಎರಡು ಯೆಮನ್‌ಗಳ ಆಡಳಿತವನ್ನು ಹೋಲಿಸಿ ಎಂದಿತ್ತು. ನಾನು ಯೆಮನ್ ಈಗ ಒಂದೇ ಎಂದು ಮೂರು ಪುಟ ಬರೆದೆ. ಧೈರ್ಯದಿಂದ ಬರೆದದ್ದಲ್ಲ, ಬೇರೆ ಉತ್ತರ ಗೊತ್ತಿರಲಿಲ್ಲ. ತರಗತಿಗೆ ತರಗತಿಯೇ ಪಾಸಾಯಿತು. ಆ ಉತ್ತರಕ್ಕೆ ಸೊನ್ನೆ ಬಿದ್ದು ನಾನೊಬ್ಬಳು ಫೇಲು. ಬಿ.ಎಡ್. ಒಂದು ವರ್ಷ ಹಿಂದೆ ಹೋಯಿತು.

ಅಪ್ಪ ಮಂಡಿಯಿಂದ ಸೀದಾ ಕಾಲೇಜಿಗೆ ಬಂದರು. ಷರಟಿನ ಮೇಲೆ ಕೊಬ್ಬರಿ ಧೂಳಿತ್ತು. ವರಾಂಡದಲ್ಲಿ ಎಲ್ಲರ ಎದುರು ಮೇಡಂ ಅವರನ್ನು ತಡೆದು ನಿಲ್ಲಿಸಿದರು.

"ಏನ್ ಮೇಡಮ್ಮಾರೆ, ನನ್ ಮಗಳು ಏನ್ ತಪ್ಪು ಬರ್ದವಳೆ?"

"ಏನೂ ತಪ್ಪಿಲ್ಲ. ಸರಿಯಾಗಿ ಬರ್ದಿದಾಳೆ."

"ಸರಿ ಬರ್ದೋಳು ಫೇಲು, ತಪ್ಪು ಬರ್ದೋರೆಲ್ಲ ಪಾಸಾ? ನಿಮ್ಮ ಸತ್ಯ ನಿಮ್ಮ ಬೀರುನಲ್ಲೇ ಮಡಿಕ್ಕಳಿ. ಅದರೊಳಗೆ ನನ್ ಮಗಳ ಪುಸ್ತಕ ಐತೆ, ಅದನ್ನ ಕೊಡಿ."

ಮೇಡಂ ಬೀಗ ತೆಗೆದು ಪುಸ್ತಕ ಕೊಟ್ಟರು. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ. "ನಾನು ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡ್ತೀನಿ" ಎಂದರು. "ನಿನ್ನ ಉತ್ತರ ಸರಿ ಅಂತ ಅವರ ಕೈಲೇ ಬರೆಸ್ತೀನಿ. ಆ ಪುಸ್ತಕಾನೂ ತೆಗೆಸ್ತೀನಿ. ಪೂರಕ ಪರೀಕ್ಷೇಲಿ ಇದೇ ಪ್ರಶ್ನೆ ಬಂದ್ರೆ ಇದೇ ಉತ್ತರ ಬರಿ. ಗೊತ್ತಾಯ್ತಾ?"

ಗೊತ್ತಾಯಿತು ಎಂದು ತಲೆಯಾಡಿಸಿದೆ.

ಅವರು ಅರ್ಜಿ ಹಿಡಿದು ಎಷ್ಟು ಸಲ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರೋ ಲೆಕ್ಕವಿಲ್ಲ. ಕಾಲೇಜಿನಲ್ಲಿ ಅವರ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು. "ಆಯಮ್ಮನಿಗೆ ಪ್ರಚಾರದ ಹುಚ್ಚು" ಎಂದು ಅಟೆಂಡರ್ ಕೂಡ ಹೇಳುತ್ತಿದ್ದ. ನಾನೂ ಹೇಳಿದ್ದೇನೆ.

ಪೂರಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಅಷ್ಟು ಹೊತ್ತಿಗೆ ಪಠ್ಯಪುಸ್ತಕ ನನಗೆ ಅಕ್ಷರ ಬಿಡದೆ ಬಾಯಿಗೆ ಬಂದಿತ್ತು. ಪ್ರಶ್ನೆಯನ್ನು ಎರಡು ಸಲ ಓದಿದೆ. ಆಮೇಲೆ ಉತ್ತರ ಯೆಮನ್, ದಕ್ಷಿಣ ಯೆಮನ್ ಎಂದು ನಡುವೆ ಗೆರೆ ಎಳೆದು, ನೀಟಾಗಿ ಹೋಲಿಸಿ ಬರೆದೆ. ಪಾಸಾದೆ.

ಅಂಕಪಟ್ಟಿ ತರಲು ಹೋದ ದಿನ ಮೇಡಂ ಲೈಬ್ರರಿ ಬಾಗಿಲಲ್ಲಿ ಸಿಕ್ಕಿದರು. ಹಿಂದಿನ ದಿನವಷ್ಟೇ ಅವರ ಅರ್ಜಿಯ ವಿಚಾರಣೆಯಾಗಿತ್ತು.

"ನಿನ್ನ ಎರಡನೇ ಉತ್ತರಪತ್ರಿಕೆ ಮೇಜಿನ ಮೇಲಿಟ್ರು" ಎಂದರು. "ನಿಮ್ಮ ವಿದ್ಯಾರ್ಥಿನಿಯೇ ಎರಡು ಅಂತ ಒಪ್ಕೊಂಡಿದಾಳಲ್ಲ, ನಿಮ್ಮದೇನು ತಕರಾರು ಅಂತ ಕೇಳಿದ್ರು."

"ಪಾಸಾಗ್ಬೇಕಿತ್ತು ಮೇಡಂ."

"ಆದ್ಯಲ್ಲ" ಎಂದು ಹೊರಟುಹೋದರು. ಆಮೇಲೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಅರ್ಜಿ ವಜಾ ಆಯಿತು. ಪಶ್ಚಿಮ ಏಷ್ಯಾ ಪತ್ರಿಕೆಯ ಪಾಠವನ್ನು ಅವರ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಲೈಬ್ರರಿಯ ಕಟ್ಟುಗಳನ್ನು ರದ್ದಿಗೆ ಹಾಕಿದರೆಂದು ಕೇಳಿದೆ. ಎರಡು ವರ್ಷದ ನಂತರ ಬಂದ ಹೊಸ ಮುದ್ರಣದಲ್ಲಿ ಯೆಮನ್ ಒಂದಾಗಿತ್ತು. ಮುನ್ನುಡಿಯಲ್ಲಿ ಬಹಳ ಜನರಿಗೆ ಕೃತಜ್ಞತೆ ಹೇಳಿದ್ದರು. ಮೇಡಂ ಹೆಸರಿರಲಿಲ್ಲ.

ನನಗೆ ಹಳೇಬೀಡಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅಚ್ಚಾದ ಯಾವ ಸಾಲನ್ನೂ ಇನ್ನೊಂದು ಕಡೆ ತಾಳೆ ನೋಡದೆ ಓದಿಸಲು ನನ್ನಿಂದ ಆಗುವುದಿಲ್ಲ. ಇದು ಅವರು ಅಂಟಿಸಿದ ರೋಗ. ಆದರೆ ಒಂದು ವಿಷಯದಲ್ಲಿ ಅವರ ದಾರಿ ಬಿಟ್ಟಿದ್ದೇನೆ. ಸರಿ ಯಾವುದು, ಮಾರ್ಕ್ಸು ಯಾವುದಕ್ಕೆ, ಎರಡನ್ನೂ ಮಕ್ಕಳಿಗೆ ಹೇಳುತ್ತೇನೆ. ಮೇಡಂ ಒಂದನ್ನೇ ಹೇಳುತ್ತಿದ್ದರು. ಯಾರದು ಸರಿಯೋ, ನಾನು ಇನ್ನೂ ತೀರ್ಮಾನಿಸಿಲ್ಲ.

ಅವರು ತೀರಿಕೊಂಡ ಸುದ್ದಿ ಶಾಲೆಯಲ್ಲಿ ಯಾರೋ ಹೇಳಿದರು. ಮೂರನೆಯ ದಿನ ಬಸ್ಸು ಹತ್ತಿ ಬೇಲೂರಿಗೆ ಹೋದೆ. ಅವರ ಅಣ್ಣ ಜಗಲಿಯ ಮೇಲೆ ಕೂತಿದ್ದರು. ನಾನು ಇಂಥವಳು, ಹೀಗೆ ಮಾಡಿದೆ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಗೊತ್ತಮ್ಮ" ಎಂದರು. "ನಿಮ್ಮ ವಿಚಾರ ಹೇಳ್ತಿದ್ಲು."

"ನನ್ನ ಮೇಲಿನ ಕೋಪ ಕೊನೆಗಾದರೂ ಹೋಗಿತ್ತಾ?"

ಆ ಗಳಿಗೆಯಲ್ಲಿ ಬೇರೆ ಯಾರೇ ಆಗಿದ್ದರೂ ಹೌದು ಎಂದು ಹೇಳಿ ಕಳಿಸುತ್ತಿದ್ದರು. ಅವರು ಹಾಗೆ ಮಾಡಲಿಲ್ಲ.

"ಇಲ್ಲಮ್ಮ, ಹೋಗಿರ್ಲಿಲ್ಲ" ಎಂದರು. ಆಮೇಲೆ ಒಳಗೆ ತಿರುಗಿ, ನನಗೆ ಕುಡಿಯಲು ನೀರು ತರಲು ಹೇಳಿದರು.