ಕುಡಿಯದವನ ಕಾವಲಿನಲ್ಲಿ ನೇರಳೆ ಜಾಡಿ

ನಾನು ಒಂದು ವೈನ್ ಕ್ಲಬ್ಬಿನ ಪದಾಧಿಕಾರಿ. ಈ ಮಾತು ಹೇಳಿದರೆ ಮೈಸೂರಿನ ಬಂಧುಗಳು ನನ್ನ ಮುಖ ನೋಡುವುದಿಲ್ಲ, ನನ್ನ ಹೆಂಡತಿ ವಿಮಲಾಳ ಮುಖ ನೋಡುತ್ತಾರೆ. ಪಾಪ, ಹೇಗೆ ಸಹಿಸಿಕೊಂಡಿದ್ದಾಳೋ ಎಂದು. ಮೊನ್ನೆಯವರೆಗೆ ನಾನು ಒಂದು ಹನಿ ವೈನನ್ನೂ ಕುಡಿದವನಲ್ಲ ಎಂದರೆ ಮಾತ್ರ ಯಾರೂ ನಂಬುವುದಿಲ್ಲ. ಅದೇನೂ ವ್ರತವಲ್ಲ. ಹುಳಿ ಮಜ್ಜಿಗೆಗೂ ಎದೆ ಉರಿಯುವ ಹೊಟ್ಟೆ ನನ್ನದು. ನಾನು ಸದ್ಗುಣಿಯಾಗಿ ಉಳಿದದ್ದು ಅದರ ಕೃಪೆಯಿಂದ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಕರೆಗಂಟೆಗೆ ಕೆಲಸವೇ ಇಲ್ಲದಂತಾಗಿತ್ತು. ಕೊರಿಯರ್ ಹುಡುಗರು ಒತ್ತುತ್ತಿದ್ದರು, ಅದೂ ಎದುರು ಮನೆಯವರು ಇಲ್ಲದಾಗ. ಆಗ ಹಳೆಯ ಸಹೋದ್ಯೋಗಿ ಶೆಟ್ಟರು ನನ್ನನ್ನು ಈ ಕ್ಲಬ್ಬಿಗೆ ಎಳೆದು ತಂದರು. ಅವರೇ ಅದರ ಅಧ್ಯಕ್ಷರು, ಇರುವುದು ನವಿ ಮುಂಬಯಿಯ ಕಾಮೋಠೆಯಲ್ಲಿ. ಸುಮ್ಮನೆ ಕೂತು ಚಕ್ಕುಲಿ ತಿಂದರೆ ಸಾಕು ಎಂದರು. ಚಕ್ಕುಲಿಗೆ ನನ್ನ ಹೊಟ್ಟೆಯ ಆಕ್ಷೇಪವಿರಲಿಲ್ಲ.

ಇವರು ಕುಡುಕರ ಗುಂಪೆಂದು ಯಾರೂ ತಿಳಿಯಬಾರದು. ಚಿಕ್ಕು, ಕವಳೆ, ಬೀಟ್‌ರೂಟು, ಕೈಗೆ ಸಿಕ್ಕಿದ್ದನ್ನೆಲ್ಲ ಸಕ್ಕರೆಯ ನೀರಿನಲ್ಲಿ ಹಾಕಿ ಹುದುಗು ಬರಿಸುವ ಹವ್ಯಾಸಿಗಳು. ಅದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ಇಡ್ಲಿಹಿಟ್ಟು ಉಬ್ಬುವುದೂ ಇದೇ ವಿದ್ಯೆ. ನಮ್ಮಜ್ಜಿ ಊಟವಾದ ಮೇಲೆ ಒಂದು ಚಮಚ ದ್ರಾಕ್ಷಾಸವ ತೆಗೆದುಕೊಳ್ಳುತ್ತಿದ್ದರು, ಕೆಮ್ಮಿದ್ದರೂ ಇಲ್ಲದಿದ್ದರೂ. ಆಸವ, ಅರಿಷ್ಟ ಎಂದು ಸಂಸ್ಕೃತದ ಚೀಟಿ ಅಂಟಿಸಿದರೆ ಔಷಧಿ, ವೈನ್ ಎಂದರೆ ದುಶ್ಚಟ. ಚೀಟಿಯ ಮಹಿಮೆ ದೊಡ್ಡದು.

ಆದರೆ ಕ್ಲಬ್ಬಿಗೆ ಒಂದು ಕೊರಗಿತ್ತು. ವೈನು ವರ್ಷವಾದರೂ ಮಾಗಬೇಕು ಎಂದು ಎಲ್ಲರಿಗೂ ಗೊತ್ತು, ವರ್ಷ ತುಂಬಿದ ವೈನನ್ನು ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಹದ ಬಂತೋ ಎಂದು ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಮುಗಿಯುವಾಗ ತಳದ ಗಷ್ಟು ಉಳಿದಿರುತ್ತದೆ. ಜಾಡಿಯ ಮಟ್ಟ ಇಳಿದರೆ ಗಾಳಿ ಸೇರಿ ವೈನು ಕೆಡುತ್ತದೆಂದು ಗಾಜಿನ ಗೋಲಿಗಳನ್ನು ಕುದಿಸಿ ಒಳಗೆ ಇಳಿಬಿಡುವ ಪದ್ಧತಿಯಿದೆ. ಗೋಲಿ ಬಿದ್ದಷ್ಟೂ ವೈನು ಮೇಲೇರಿ ಕುತ್ತಿಗೆ ಮುಟ್ಟುತ್ತದೆ. ಪರೀಕ್ಷೆಯ ಉತ್ಸಾಹ ಹೆಚ್ಚಿರುವ ಮನೆಗಳ ಜಾಡಿಯಲ್ಲಿ ವೈನಿಗಿಂತ ಗೋಲಿಯೇ ಜಾಸ್ತಿ.

ಕಳೆದ ನೇರಳೆಯ ಕಾಲದಲ್ಲಿ ಎಲ್ಲರೂ ಸೇರಿ ಒಂದು ದೊಡ್ಡ ಗಾಜಿನ ಜಾಡಿ ಹಾಕಿದರು. ಹಣ್ಣು ಟಿಟ್ವಾಳಾ ಸ್ಟೇಷನ್ನಿನ ಹೊರಗೆ ಕೊಂಡದ್ದು. ಕಾಯುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿ, ಕೊನೆಗೆ ನನ್ನತ್ತ ತಿರುಗಿದರು.

“ರಾಯ್ರೇ, ನೀವೇ ಇಟ್ಕೊಳ್ಳಿ ಮಾರಾಯ್ರೇ,” ಎಂದರು ಶೆಟ್ಟರು. “ಬೆಕ್ಕುಗಳ ಕೈಯಲ್ಲಿ ಹಾಲು ಕೊಡ್ಲಿಕ್ಕಾಗ್ತದಾ?”

ಜೊತೆಗೊಂದು ನಿಯಮವನ್ನೂ ಮಾಡಿದರು. ವರ್ಷ ತುಂಬಿದ ದಿನ ಮೊದಲ ಗುಟುಕು ಕಾವಲುಗಾರನದು. ಅವನು ಆಯಿತು ಎಂದರೆ ಮಾತ್ರ ಉಳಿದವರಿಗೆ. ಆ ದಿನ ದೂರವಿತ್ತು, ನಾನೂ ತಲೆಯಾಡಿಸಿದೆ.

ಮನೆಯಲ್ಲಿ ಕತ್ತಲೆಯೂ ತಂಪೂ ಇರುವ ಜಾಗ ಒಂದೇ, ವಿಮಲಾಳ ರೇಷ್ಮೆ ಸೀರೆಗಳ ಕಪಾಟಿನ ಕೆಳಗಿನ ಹಲಗೆ. ಹಬ್ಬಕ್ಕೆ ಉಡುವ ಸೀರೆಯ ಪಕ್ಕದಲ್ಲಿ ಹೆಂಡವೇ ಎಂದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಜಾಡಿಗೆ ಹಳೆಯ ಟವೆಲ್ಲು ಹೊದಿಸಿದಳು.

ಆಮೇಲೆ ಶುರುವಾಯಿತು ನೋಡಿ ಯಾತ್ರೆ. ಮೊದಲ ಭಾನುವಾರವೇ ಟಿಟ್ವಾಳಾದಿಂದ ಕ್ಲಬ್ಬಿನ ಬಸವರಾಜ ಬಂದರು. ವಿಜಯಪುರದವರು, ಗೋದಾಮಿನಲ್ಲಿ ಹಮಾಲರ ಮುಕಾದಮ. ಇತ್ತ ಏನೋ ಕೆಲಸವಿತ್ತಂತೆ. ರೊಟ್ಟಿ, ಶೇಂಗಾ ಚಟ್ನಿ ಕೆಳಗಿಟ್ಟು, “ಬಣ್ಣ ಹ್ಯಾಂಗ ಆಗ್ಯದ, ಒಂದ್ ಸಲ ನೋಡೂಣಲ್ರೀ,” ಎಂದರು. ಠಾಣೆ ಊರಲ್ಲೇ ಹುಟ್ಟಿ ಬೆಳೆದ, ಕ್ಲಬ್ಬಿನ ಕಿರಿಯ ಸದಸ್ಯೆ ಕೇತಕಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುತ್ತ, ಮೊಬೈಲಿನ ಟಾರ್ಚು ಹಾಕಿ ಜಾಡಿಯೊಳಗೆ ಇಣುಕಿದಳು. ಶೆಟ್ಟರು ಠಾಣೆಯಲ್ಲಿ ಗಾಡಿ ಬದಲಿಸಿ ಬಂದು ಬಿರಡೆಯ ಮೇಲಿನ ಮೇಣವನ್ನು ಡಾಕ್ಟರರ ಗಾಂಭೀರ್ಯದಿಂದ ಮುಟ್ಟಿ ನೋಡಿದರು. ನಾನು ಯಾರಿಗೂ ಮೇಣ ಒಡೆಯಲು ಬಿಡಲಿಲ್ಲ. ನೋಡಿದ ಮೇಲೆ ಅವಲಕ್ಕಿ, ಅವಲಕ್ಕಿಯ ಮೇಲೆ ಕಾಫಿ, ಕಾಫಿಯ ಮೇಲೆ ಸಂಜೆಯವರೆಗೆ ಹರಟೆ. ಕರೆಗಂಟೆಯ ಸೆಲ್ಲು ಬದಲಿಸಬೇಕಾಯಿತು.

ಈ ವರ್ಷ ನೇರಳೆ ಮತ್ತೆ ಬುಟ್ಟಿಗೆ ಬಂದಾಗ ನನ್ನ ಸಂಕಟ ಶುರುವಾಯಿತು. ಜಾಡಿ ಖಾಲಿಯಾದ ಮೇಲೆ ಇವರೆಲ್ಲ ಡೊಂಬಿವಲಿಗೆ ಯಾಕೆ ಬರಬೇಕು? ನನ್ನ ಮುಖ ನೋಡಲು ಹಳಿ ರಿಪೇರಿಗೆಂದು ಲೋಕಲ್ ಗಾಡಿಗಳನ್ನು ಕಡಿಮೆ ಮಾಡುವ ಭಾನುವಾರದ ಬ್ಲಾಕಿನಲ್ಲಿ ಕಾದು ಬರುವವರು ಯಾರೂ ಇಲ್ಲ. ಆ ಯೋಚನೆಯಿಂದ ನನಗೆ ನಿಜವಾಗಿಯೂ ದುಃಖವಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ. ವಿಮಲಾ ಮಾತ್ರ, ಇತ್ತೀಚೆಗೆ ಕಪಾಟಿನ ಮುಂದೆ ಬಹಳ ಹೊತ್ತು ನಿಲ್ಲುತ್ತೀರಿ ಎಂದಳು.

ವರ್ಷ ತುಂಬಿತು. ಎಲ್ಲರೂ ಬಂದರು, ತಮ್ಮ ತಮ್ಮ ಲೋಟಗಳ ಸಮೇತ. ಶೆಟ್ಟರು ಮೇಣ ಒಡೆದು, ಒಂದು ಲೋಟದಷ್ಟು ತೆಗೆದು ನನ್ನ ಕೈಗಿಟ್ಟರು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. ಮೊದಲು ಒಗರು, ಆಮೇಲೆ ಸಿಹಿ, ಕೊನೆಗೆ ಚಿಕ್ಕಂದಿನಲ್ಲಿ ನೇರಳೆ ತಿಂದು ನಾಲಗೆ ಚಾಚಿ ಬಣ್ಣ ತೋರಿಸುತ್ತಿದ್ದ ನೆನಪು. ಎದೆ ಉರಿಯಲಿಲ್ಲ. ಅದು ಅಮೋಘವಾಗಿತ್ತು. ಕಣ್ಣು ತೆರೆದೆ. ಸೋಫಾ, ಕುರ್ಚಿ, ನೆಲ, ಎಲ್ಲೆಲ್ಲೂ ಜನ.

“ಇನ್ನೂ ಒಂದು ವರ್ಷ ಬೇಕು,” ಎಂದೆ.

ಬಸವರಾಜ ತಮ್ಮ ಖಾಲಿ ಲೋಟದೊಳಗೆ ನೋಡಿದರು. ಶೆಟ್ಟರು ನನ್ನ ಲೋಟ ತೆಗೆದುಕೊಂಡು ಉಳಿದದ್ದನ್ನು ನಿಧಾನವಾಗಿ ಕುಡಿದರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

“ಹೌದು. ಬೇಕು,” ಎಂದರು.

ಆಮೇಲೆ ಚೀಲಕ್ಕೆ ಕೈಹಾಕಿ ಒಂದು ಸ್ಟೀಲಿನ ಡಬ್ಬಿ ತೆಗೆದರು. ಅದರ ತುಂಬ ಗಾಜಿನ ಗೋಲಿಗಳು, ಮನೆಯಲ್ಲೇ ಕುದಿಸಿ ಒರೆಸಿ ತಂದವು. ಜಾಡಿ ಖಾಲಿ ಮಾಡಲು ಹೊರಟವರು ಕಾಮೋಠೆಯಿಂದ ಗೋಲಿ ಹೊತ್ತು ತರುವುದಿಲ್ಲ. ಒಂದೊಂದೇ ಗೋಲಿ ಇಳಿಬಿಟ್ಟರು. ವೈನು ಮೇಲೆ ಬಂದು ಕುತ್ತಿಗೆ ಮುಟ್ಟಿತು. ಬಿರಡೆ ಹಾಕಿ ಮೇಣ ಸುರಿದೆವು. ನಾನು ಯಾರ ಮುಖವನ್ನೂ ನೋಡಲಿಲ್ಲ.

ವಿಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಟವೆಲ್ಲು ತಂದು ಜಾಡಿಗೆ ಹೊದಿಸಿದಳು.

“ರೀ, ಸೀರೆಗಳನ್ನ ಮೇಲಿನ ಹಲಗೆಗೆ ಹಾಕಿಬಿಡ್ತೀನಿ,” ಎಂದಳು. “ಇನ್ನೂ ಎರಡು ಜಾಡಿ ಹಿಡಿಸತ್ತೆ.”