ಹಗ್ಗದ ಚಹಾ

ಇವತ್ತು ಬೆಳಿಗ್ಗೆಯೂ ಚಹಾದ ಕಪ್ಪಿನ ಮೇಲೆ ಅಂಗೈ ಮುಚ್ಚಿಕೊಂಡೇ ಕೂತಿದ್ದೆ. ನೋಡಿದವರು ಏನೋ ಮಂತ್ರ ಹಾಕುತ್ತಿದ್ದೇನೆ ಅಂದುಕೊಳ್ಳಬೇಕು. ಅಂಥದ್ದೇನೂ ಇಲ್ಲ, ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವರಿಗೆ ಇದು ಬಿಡದ ಚಟ. ಕಮಲಾಪುರದ ನಮ್ಮ ಮನೆಯಲ್ಲಿ ಯಾವ ಗಳಿಗೆಗೆ ಮೇಲಿಂದ ಒಂದು ಚಿಟಿಕೆ ಮಣ್ಣು ಉದುರುತ್ತದೆಂದು ಹೇಳಲು ಬರುತ್ತಿರಲಿಲ್ಲ. ಈಗ ಮೇಲಿರುವುದು ಹೊಸ ಸ್ಲ್ಯಾಬು, ಏನೂ ಉದುರುವುದಿಲ್ಲ. ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನೀವು ಮಣ್ಣಿನ ಮಾಳಿಗೆ ನೋಡಿರದಿದ್ದರೆ ಒಂದೆರಡು ಮಾತು ಹೇಳಬೇಕು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಗೇಣುಗಟ್ಟಲೆ ಮಣ್ಣು. ನಮ್ಮ ಕಡೆಯ ಬಿಸಿಲು ಎಂಥದ್ದೆಂದು ಎಲ್ಲರಿಗೂ ಗೊತ್ತು. ಆ ಮಾಳಿಗೆಯ ಕೆಳಗೆ ಮಾತ್ರ ನಡುಮಧ್ಯಾಹ್ನ ಹೊದ್ದು ಮಲಗಬಹುದಿತ್ತು. ಸ್ವಲ್ಪ ಹೆಚ್ಚಿಗೆ ಹೇಳಿದೆ, ಬಿಡಿ. ಅಡುಗೆಮನೆಯ ನೆತ್ತಿಯಲ್ಲಿ ಬೆಳಕಿಂಡಿ, ಅಂದರೆ ಹೊಗೆ ಹೋಗಲು, ಬೆಳಕು ಬರಲು ಒಂದು ಮೊಳದಗಲದ ಕಿಂಡಿ. ಎಲ್ಲ ಚೆಂದವೇ. ಆದರೆ ವರ್ಷಕ್ಕೊಮ್ಮೆ ಮಳೆಗೆ ಮುಂಚೆ ನೀರು ಇಳಿಯಗೊಡದ ಹೊಸ ಸವಳು ಮಣ್ಣು ಹಾಕಿ ತುಳಿಯದಿದ್ದರೆ ಮನೆಯೊಳಗೇ ಹಳ್ಳ ಹರಿಯುತ್ತಿತ್ತು.

ಹಾಗೆ ತುಳಿಯುತ್ತಿದ್ದವರು ಮಹಾಗಾಂವದ ಮರೆಪ್ಪ. ತಲೆಬಾಗಿಲ ಪಕ್ಕದ ಗೋಡೆಗೆ ಏಣಿ ಹಚ್ಚಿ ಬೆಳಿಗ್ಗೆ ಏರಿದರೆಂದರೆ ಇಳಿಯುವುದು ಸಂಜೆಗೇ. ಬರಿಗಾಲಲ್ಲಿ ಮಾಳಿಗೆಯ ಮೇಲೆ ನಡೆದು ಎಲ್ಲೆಲ್ಲಿ ಟೊಳ್ಳಾಗಿದೆ ಎಂದು ಪಾದದಿಂದಲೇ ಹೇಳುತ್ತಿದ್ದರು. ನಡುನಡುವೆ ಬೆಳಕಿಂಡಿಯಲ್ಲಿ ಅವರ ಮುಖ ಕಾಣುತ್ತಿತ್ತು.

“ಎವ್ವಾ, ಒಲಿ ಮ್ಯಾಲ ಮುಚ್ರಿ, ಮಣ್ಣ ಬೀಳ್ತದ!” ಎಂದು ಮೊದಲ ಕೂಗು. ಸ್ವಲ್ಪ ಹೊತ್ತಿಗೆ ಎರಡನೆಯದು: “ಇವತ್ತ ಪುಂಡಿಪಲ್ಯ ಏನ್ರಿ? ವಾಸನಿ ಮ್ಯಾಲತನ ಬಂದದ.”

ಚಹಾದ ಹೊತ್ತಾದರೆ ಬೆಳಕಿಂಡಿಯಿಂದ ಒಂದು ಹಗ್ಗ ಇಳಿಯುತ್ತಿತ್ತು. ಅದಕ್ಕೆಂದೇ ಬೇರೆ ಇಟ್ಟಿದ್ದ ಕಿಟಲಿಗೆ ಅವ್ವ ಎತ್ತರದಿಂದ ಚಹಾ ಸುರಿದು, ಹಗ್ಗಕ್ಕೆ ಕಟ್ಟುತ್ತಿದ್ದಳು. ಮರೆಪ್ಪ ಮೇಲಕ್ಕೆಳೆದುಕೊಳ್ಳುತ್ತಿದ್ದರು. ಅವರ ಕಪ್ಪು, ಕಿವಿ ಮುರಿದದ್ದು, ಮಾಳಿಗೆಯ ಅಂಚಿನ ಗೋಡೆಯ ಗೂಡಿನಲ್ಲೇ ವರ್ಷವಿಡೀ ಇರುತ್ತಿತ್ತು.

ನನ್ನ ಕಣ್ಣಿಗೆ ಅದಕ್ಕಿಂತ ಮರ್ಯಾದೆಯ ಚಹಾ ಲೋಕದಲ್ಲಿರಲಿಲ್ಲ. ಮನೆಗೆ ಬಂದ ತಹಸೀಲ್ದಾರರಿಗೂ ಅವ್ವ ಹಗ್ಗದಲ್ಲಿ ಚಹಾ ಕೊಟ್ಟಿರಲಿಲ್ಲ! ನನಗೂ ಹಗ್ಗದ ಚಹಾ ಬೇಕೆಂದು ಒಮ್ಮೆ ನೆಲಕ್ಕೆ ಬಿದ್ದು ಹೊರಳಾಡಿದೆ. ಅವ್ವ ಬೆನ್ನಿಗೆ ಒಂದು ಕೊಟ್ಟು, “ಅದು ನಮಗಲ್ಲ, ಸುಮ್ಮ ಕುಂದ್ರು,” ಅಂದಳು. ಮೇಲಿಂದ ನೋಡುತ್ತಿದ್ದ ಮರೆಪ್ಪ ಮುಖ ಹಿಂದಕ್ಕೆಳೆದುಕೊಂಡರು.

ಯಾಕೆಂದು ತಿಳಿದದ್ದು ಬಹಳ ತಡವಾಗಿ. ಕಲಬುರಗಿಯ ಕಾಲೇಜಿಗೆ ಸೇರಿದ ವರ್ಷ ಸ್ಟೇಶನ್ ಬಜಾರದ ಹೋಟೆಲಿನಲ್ಲಿ ಕೂತು ಜೊತೆಯವರಿಗೆ ಈ ಕಥೆಯನ್ನು ಮೋಜಿಗೆಂದು ಹೇಳಿದೆ. ಎಲ್ಲರೂ ನಕ್ಕರು, ಒಬ್ಬಳು ನಗಲಿಲ್ಲ. “ಅವ್ರು ಕೆಳಗ ಇಳದು ಒಳಗ ಬಂದು ಯಾಕ ಕುಡೀಲಿಲ್ಲ?” ಎಂದು ಕೇಳಿದಳು, ಅಷ್ಟೇ. ಆಗ ಹೊಳೆಯಿತು. ಮರೆಪ್ಪನವರ ಕೇರಿಯವರನ್ನು ನಾವು ಹೊಸ್ತಿಲು ದಾಟಿಸುತ್ತಿರಲಿಲ್ಲ. ಬಾಗಿಲಿಂದ ಕೊಡದಿದ್ದುದನ್ನು ಬೆಳಕಿಂಡಿಯಿಂದ ಕೊಡುತ್ತಿದ್ದೆವು. ಅಷ್ಟು ಮಳೆಗಾಲ ನಮ್ಮನ್ನು ನೆನೆಯದಂತೆ ನೋಡಿಕೊಂಡವರು ಆ ಮಾಳಿಗೆಯ ಕೆಳಗೆ ಒಂದು ಗಳಿಗೆಯೂ ಕೂತಿರಲಿಲ್ಲ. ತಿಳಿದ ಮೇಲಾದರೂ ನಾನೇನು ಮಾಡಿದೆ ಅಂತೀರಿ? ರಜೆಗೆ ಬಂದಾಗ, ಅವ್ವನ ಕೈಗೆ ಬಿಡುವಿಲ್ಲದ ದಿನ, ಕಿಟಲಿಯನ್ನು ಹಗ್ಗಕ್ಕೆ ನಾನೇ ಕಟ್ಟಿದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮರೆಪ್ಪನವರ ಮೊಣಕಾಲು ಹೋದ ಮೇಲೆ ನಮ್ಮ ಮಾಳಿಗೆಗೆ ಮಳೆ ತಡೆಯಲು ಪ್ಲಾಸ್ಟಿಕ್ಕಿನ ತಾಡಪತ್ರಿ ಬಂತು. ನಾನು ದಿನಾ ಬಸ್ಸು ಹಿಡಿದು ಕಲಬುರಗಿಯ ಕಚೇರಿಗೆ ಹೋಗಿಬರುತ್ತ, ಮುಂದಿನ ವರ್ಷ ನೋಡೋಣ ಎನ್ನುತ್ತ ಕಾಲ ತಳ್ಳಿದೆ. ಈ ಬೇಸಿಗೆಯಲ್ಲಿ ಒಂದು ತೊಲೆಯೇ ಬಾಗಿತು. ಮರೆಪ್ಪನವರಿಗೆ ಫೋನ್ ಮಾಡಿದರೆ ಎತ್ತಿದವಳು ಮಗಳು ಸುಜಾತಾ. ಡಿಪ್ಲೊಮಾ ಓದಿ, ಕಪನೂರಿನಿಂದ ಕಾಂಕ್ರೀಟಿಗೆ ಆಸರೆ ಕೊಡುವ ಸೆಂಟ್ರಿಂಗ್ ಪ್ಲೇಟು ತರಿಸಿ ಸ್ಲ್ಯಾಬಿನ ಗುತ್ತಿಗೆ ಹಿಡಿಯುವವಳು.

“ನಾನೇ ಹಾಕಿ ಕೊಡ್ತೀನ್ರಿ,” ಅಂದಳು. “ಆದ್ರ ಹಳೀ ಗ್ವಾಡಿ ಸ್ಲ್ಯಾಬಿನ ಭಾರ ತಡೀತದೋ ಇಲ್ಲೋ ನಮ್ಮಪ್ಪನೇ ಹೇಳ್ಬೇಕು. ಕರ್ಕೊಂಡ್ ಬರ್ತೀನಿ.”

ಮಗಳ ಸ್ಕೂಟರಿನ ಹಿಂದೆ ಕೂತು ಮರೆಪ್ಪ ಬಂದರು. ಇಳಿದವರೇ ಕೋಲೂರಿಕೊಂಡು ನೆಟ್ಟಗೆ ಏಣಿಯ ಹತ್ತಿರ ಹೋದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಎರಡನೆಯದಕ್ಕೆ ಕಾಲು ಏಳಲಿಲ್ಲ. ಅಲ್ಲಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ.

“ಆಗಂಗಿಲ್ಲವ್ವಾ. ಇಲ್ಲೇ ನಿಂತು ಅಂದಾಜ್ ಹೇಳ್ತೀನಿ.”

“ಅಂದಾಜಿನ ಮ್ಯಾಲ ನಾ ಸ್ಲ್ಯಾಬ್ ಹಾಕಂಗಿಲ್ಲಪಾ,” ಅಂದಳು ಸುಜಾತಾ. “ಒಳಗ ಹೋಗಿ ನೋಡಿದ್ರ ಎಲ್ಲಾ ಕಾಣ್ತದ. ನಿನಗ ಒಳಗ ಹೋಗ್ಲಾಕ ಬರಂಗಿಲ್ಲ ಅಂದ್ರ, ಈ ಕೆಲಸ ಬ್ಯಾರೆ ಯಾರರೆ ಮಾಡ್ಲಿ.”

ಮಾತು ತಂದೆಗೆ, ಕಣ್ಣು ನನ್ನ ಮೇಲೆ. ಇಷ್ಟು ವರ್ಷ ಆಡದೆ ಉಳಿದ ಮಾತನ್ನು ಆಡುವ ಹೊತ್ತು ಬಂದಿತ್ತು. ನನ್ನ ಬಾಯಿಂದ ಹೊರಟಿದ್ದೇನು ಗೊತ್ತೇ? “ಕಾಕಾ, ಹೊರಗ ಕುರ್ಚಿ ಹಾಕ್ಲೇನ್ರಿ?” ಇಷ್ಟು ಓದಿ ಕಲಿತದ್ದು ಅದು! ಸುಜಾತಾ ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡಳು. ಮರೆಪ್ಪ ನೆಲ ನೋಡುತ್ತಿದ್ದರು.

“ಮರೆಪ್ಪಾ,” ಎಂದು ದನಿ ಬಂತು. ಅವ್ವ ಬಾಗಿಲಲ್ಲಿ ನಿಂತಿದ್ದಳು. “ಹೊಸ್ತಿಲ ಎತ್ತರ ಅದ. ನನಗೂ ಮೊಣಕಾಲ ಹೋಗ್ಯಾವ. ಕೈ ಹಿಡ್ಕೊಂಡ್ ಒಳಗ ಬಾ.”

ಅಂದವಳೇ ಕೈ ಚಾಚಿದಳು. ಮರೆಪ್ಪ ಹಿಡಿಯಲು ಬಹಳ ತಡಮಾಡಿದರು. ಅವ್ವ ಕೈ ಹಿಂತೆಗೆಯಲಿಲ್ಲ. ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದೇ ಹೇಳಬೇಕು.

ಒಳಗೆ ಬಂದು ಮರೆಪ್ಪ ಕತ್ತೆತ್ತಿ ನೋಡಿದರು. ವರ್ಷವರ್ಷ ತುಳಿದ ಮಾಳಿಗೆಯನ್ನು ಅವರು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಕೋಲಿನಿಂದ ಗೋಡೆ ಬಡಿಯುತ್ತ ಮನೆಯೆಲ್ಲ ಸುತ್ತಿ, “ಗ್ವಾಡಿ ಗಟ್ಟಿ ಅವ. ಎರಡು ತೊಲಿ ಸತ್ತಾವ,” ಎಂದು ತೀರ್ಪು ಕೊಟ್ಟರು. ಆಮೇಲೆ ಅಡುಗೆಮನೆಯ ನಡುವೆ ನಿಂತು, “ಮನಿ ಸಣ್ಣದದ ರೀ. ಮ್ಯಾಲಿಂದ ಭಾಳ ದೊಡ್ಡದ ಕಾಣ್ತಿತ್ತು,” ಅಂದರು. ಅವ್ವ ಎಲ್ಲರಿಗೂ ಒಂದೇ ಥರದ ಕಪ್ಪಿನಲ್ಲಿ ಚಹಾ ಕೊಟ್ಟಳು. ಮರೆಪ್ಪ ಕಪ್ಪು ಹಿಡಿದು ಬೆಳಕಿಂಡಿ ನೋಡಿ, “ಹಗ್ಗ ಎಲ್ಲದ ರೀ?” ಎಂದರು. ನಗಿಸಲೆಂದೇ ಕೇಳಿದ್ದು. ಯಾರಿಗೂ ನಗು ಬರಲಿಲ್ಲ, ಅವ್ವ ಒಲೆಯ ಕಡೆ ತಿರುಗಿಬಿಟ್ಟಳು.

ಮಾಳಿಗೆ ಇಳಿಸಿದ್ದಾಯಿತು. ಸ್ಲ್ಯಾಬಿಗೆ ಪ್ಲೇಟು ಜೋಡಿಸುವ ದಿನ ಸುಜಾತಾ, ಬೆಳಕಿಂಡಿ ಬಿಡಬೇಕೋ ಮುಚ್ಚಬೇಕೋ ಎಂದು ಕೇಳಿದಳು.

“ಮುಚ್ಚಿಬಿಡವ್ವಾ,” ಎಂದು ಅವ್ವ ಅವಸರ ಮಾಡಿದಳು. “ಅದನ್ನ ನೋಡಿದ್ರ ನನಗ ಆ ಹಗ್ಗನೇ ನೆನಪಾಗ್ತದ.”

ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ ಮರೆಪ್ಪ ಅಂದರು: “ಬೆಳಕ ಏನ್ ಮಾಡ್ಯದ್ರಿ ಪಾಪ? ಬೆಳಕಿಗಿ ಅದು ಇರ್ಲಿ. ಚಹಾಕ್ಕ ಈಗ ಬಾಗಲ ಅದ ಅಲ್ರಿ.”

ಆ ಬೆಳಕಿಂಡಿಗೆ ಈಗ ಗಾಜು ಕೂರಿಸಿದೆ. ನಿನ್ನೆ ಮೊದಲ ಮಳೆ ಜೋರಾಗಿ ಹೊಡೆಯಿತು, ಒಂದು ಹನಿ ಒಳಗೆ ಬಂದಿಲ್ಲ. ಹೀಗೆ ಕಪ್ಪು ಮುಚ್ಚಿಕೊಂಡು ಕೂತಿದ್ದಾಗಲೇ ಹೊರಗೆ ಸ್ಕೂಟರು ನಿಂತ ಸದ್ದು, ಹಿಂದೆಯೇ ಕೋಲಿನ ಸದ್ದು. ಸ್ಲ್ಯಾಬು ಸೋರಿದೆಯೇ ಎಂದು ನೋಡಲು ಮರೆಪ್ಪ ಬಂದಿದ್ದಾರೆ. ಅವ್ವ ಒಲೆಯ ಮುಂದಿಂದ ಏಳುವಷ್ಟರಲ್ಲಿ, ಕಪ್ಪಿನ ಮೇಲಿನ ಕೈ ತೆಗೆದು ನಾನೇ ಹೊಸ್ತಿಲಿಗೆ ಹೋದೆ. ಈ ಸಲ ಕುರ್ಚಿಯ ಮಾತೆತ್ತಲಿಲ್ಲ, ಕೈ ಚಾಚಿದೆ.